ನಾಲಗೆಗೆ ಬಾರದ ಮಾತು

ಬಾಣಾವರದ ಕೊಬ್ಬರಿ ವರ್ತಕರೊಬ್ಬರಿಗೆ ಪಾರ್ಶ್ವವಾಯು ಬಡಿಯಿತೆಂದು ಭಾವಿಸೋಣ. ಪ್ರಾಣ ಉಳಿಯಿತು, ಮಾತು ಹೋಯಿತು. ಕೊಬ್ಬರಿಯನ್ನು ಕಂಡೊಡನೆ ಅದರ ಧಾರಣೆ ಮನಸ್ಸಿಗೆ ಹೊಳೆಯುತ್ತದೆ, ಹೆಸರು ಮಾತ್ರ ನಾಲಗೆಗೆ ಬಾರದು. ಇದಕ್ಕೆ ವೈದ್ಯರು ಅಫೇಸಿಯ ಎನ್ನುತ್ತಾರೆ.

ಪ್ಯಾರಿಸ್ಸಿನ ಬ್ರೋಕಾ 1861ರಲ್ಲಿ ಪರೀಕ್ಷಿಸಿದ ರೋಗಿಯೊಬ್ಬನು ಏನು ಕೇಳಿದರೂ ಬಹುತೇಕ ‘ಟಾನ್’ ಎಂದೇ ನುಡಿಯುತ್ತಿದ್ದನು. ಅವನು ತೀರಿಕೊಂಡ ಬಳಿಕ ನೋಡಲಾಗಿ, ಮಿದುಳಿನ ಎಡಪಾರ್ಶ್ವದ ಮುಂಭಾಗವು ಕೆಟ್ಟಿದ್ದಿತು. 1874ರಲ್ಲಿ ವೆರ್ನಿಕೆ ಇನ್ನೊಂದು ಬಗೆಯನ್ನು ವರ್ಣಿಸಿದನು: ಅಲ್ಲಿ ಮಾತು ಸರಾಗವಾಗಿ ಹರಿಯುತ್ತದೆ, ಅರ್ಥ ಕೂಡುವುದಿಲ್ಲ, ಪರರ ಮಾತೂ ಸರಿಯಾಗಿ ತಿಳಿಯದು.

ನಮ್ಮ ವರ್ತಕರ ಬುದ್ಧಿ ಬಹುಮಟ್ಟಿಗೆ ಹಾಗೆಯೇ ಇದೆ. ಇದನ್ನರಿಯದ ಮನೆಯವರು ಅವರೊಡನೆ ಲೆಕ್ಕಪತ್ರದ ಮಾತನ್ನೇ ಬಿಡುತ್ತಾರೆ. ಬಂದವರಿಗೆ ಅವರ ಪರವಾಗಿ ತಾವೇ ಉತ್ತರ ಹೇಳುತ್ತಾರೆ. ನಮ್ಮ ಎಣಿಕೆಯಲ್ಲಿ ರೋಗಕ್ಕಿಂತ ಇದೇ ದೊಡ್ಡ ಪೆಟ್ಟು. ಇಂಥವರ ಬಾಳಿನ ತೃಪ್ತಿಯು ಎಷ್ಟು ಪದಗಳು ಮರಳಿದವೆಂಬುದರ ಜೊತೆಗೆ, ಹೇಳಬೇಕೆಂದುದು ಎದುರಿನವರಿಗೆ ಮುಟ್ಟಿತೇ ಎಂಬುದನ್ನೂ ಅವಲಂಬಿಸಿರುತ್ತದೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕಿತ್ಸೆಯುಂಟು. ಮನೆಯಲ್ಲಿಯೂ ಮಾಡಬಹುದಾದುದುಂಟು. ಒಮ್ಮೆಗೆ ಒಂದೇ ಪ್ರಶ್ನೆ ಕೇಳಿರಿ, ತಲೆಯಾಡಿಸಿದರೆ ಸಾಕೆನ್ನುವಂತಹುದನ್ನು, ಕಾಗದ, ಸೀಸದಕಡ್ಡಿಗಳನ್ನು ಮುಂದಿಡಿರಿ, ಉತ್ತರಕ್ಕೆ ಕಾಯಿರಿ. ಕಾಯುವುದೇ ಕಷ್ಟವಾದ ಕೆಲಸ! ಮಾತು ಹೊರಡದವರಲ್ಲಿ ಕೆಲವರು ಹಳೆಯ ಹಾಡನ್ನು ಪದಸಹಿತ ಹಾಡಬಲ್ಲರೆಂಬುದು ಸೋಜಿಗ. ಹಾಡು ಮುಗಿದು ನೀರು ಬೇಕೆನಿಸಿದರೆ ಮತ್ತೆ ಕೈಸನ್ನೆಯೇ ಗತಿ.