ದೊಡ್ಡ ಮರದ ಕೆಳಗೆ ಪುಟ್ಟ ಮಕ್ಕಳು

ನಿಮ್ಮ ಮನೆಯಲ್ಲಿ ಐದಾರು ವರ್ಷದ ತಮ್ಮನೋ ತಂಗಿಯೋ, ಅಕ್ಕನ ಮಗುವೋ ಇದ್ದರೆ ಮುಂದಿನ ರಜೆಯಲ್ಲಿ ಆ ಮಗುವಿಗೆ ಒಂದು ಹೆಮ್ಮರವನ್ನು ತೋರಿಸಿ. ತೋರಿಸುವುದೆಂದರೆ ಮರದ ಹೆಸರು ಹೇಳಿ, ಒಂದು ಫೋಟೋ ತೆಗೆದು ಹಿಂದಿರುಗುವುದಲ್ಲ. ಅರ್ಧ ದಿನವಾದರೂ ಅದರ ಕೆಳಗೆ ಕಳೆಯಬೇಕು.

ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿ, ರಾಮೋಹಳ್ಳಿಯ ಬಳಿಯ ಕೇತೋಹಳ್ಳಿಯಲ್ಲಿರುವ ದೊಡ್ಡಾಲದ ಮರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದು ಹರಡಿರುವುದು ಸುಮಾರು ಮೂರು ಎಕರೆ. ವಯಸ್ಸು 400 ವರ್ಷವೆಂದು ಹೇಳುತ್ತಾರೆ. ಆದರೆ ಈಗಿನ್ನೂ ನೂರರವರೆಗೆ ಎಣಿಸಲು ಕಲಿಯುತ್ತಿರುವ ಮಗುವಿಗೆ ಈ ಅಂಕಿಗಳಿಂದ ಆಗಬೇಕಾದುದೇನು? ಅದರ ಬದಲು ಒಂದು ಕೆಲಸ ಕೊಡಿ: "ಈ ಮರದ ಬುಡ ಯಾವುದು, ಹುಡುಕು ನೋಡೋಣ."

ಮಗು ಓಡಾಡಿ ದಪ್ಪನೆಯ ಒಂದು ಕಂಬವನ್ನು ತೋರಿಸುತ್ತದೆ. ಆಗ ಮೇಲೆ ನೋಡಲು ಹೇಳಿ. ಆ ಕಂಬ ನೆಲದಿಂದ ಎದ್ದುದಲ್ಲ, ಕೊಂಬೆಯಿಂದ ಕೆಳಗಿಳಿದ ಬಿಳಲು. ಪಕ್ಕದ್ದೂ ಹಾಗೆಯೇ, ಅದರಾಚೆಯದೂ ಹಾಗೆಯೇ. ನಿಜವಾದ ತಾಯಿಬೇರು ಈಗ ಅಲ್ಲಿಲ್ಲ. ರೋಗ ತಗಲಿ ಅದು ನಾಶವಾಯಿತು. ಬುಡವೇ ಹೋದ ಮರ ಬದುಕಿರುವುದು ಹೇಗೆಂದು ಮಗು ಕೇಳದೆ ಇರದು. ನಿಮ್ಮ ಸಸ್ಯಶಾಸ್ತ್ರ ಉಪಯೋಗಕ್ಕೆ ಬರುವುದು ಅಲ್ಲಿಯೇ.

ಆಲದ ಬಿಳಲು ಮೊದಲು ದಾರದಂತೆ ತೆಳ್ಳಗೆ ತೂಗುತ್ತದೆ. ತುದಿ ನೆಲ ಮುಟ್ಟಿ ಮಣ್ಣಿನಲ್ಲಿ ಕವಲೊಡೆದ ಮೇಲೆ ನೀರು, ಲವಣಗಳನ್ನು ಹೀರಿ ಮೇಲಕ್ಕೆ ಕಳಿಸತೊಡಗುತ್ತದೆ. ಬರಬರುತ್ತಾ ದಪ್ಪವಾಗಿ ಕಾಂಡದಂತೆಯೇ ಭಾರ ಹೊರುತ್ತದೆ. ಹೀಗೆ ನೂರಾರು ಕಾಲು ಊರಿದ ಮರಕ್ಕೆ ಒಂದು ಕಾಲು ಹೋದರೂ ಉಳಿದವು ಆಸರೆಯಾಗುತ್ತವೆ. ಇದನ್ನು ತಿಳಿದ ಮಗು ಎಳೆಯ ಬಿಳಲನ್ನು ಹಿಡಿದು ಜೋಲಾಡುವ ಮುನ್ನ ಒಮ್ಮೆ ಯೋಚಿಸೀತು. (ಹಳೆಯ ಗಟ್ಟಿ ಬಿಳಲನ್ನು ತಬ್ಬಿಕೊಳ್ಳಲು ಅಡ್ಡಿಯಿಲ್ಲ. ತಿಂಡಿಯನ್ನು ಮಾತ್ರ ಕೈಯಲ್ಲಿ ಹಿಡಿಯಬೇಡಿ, ಅಲ್ಲಿ ಕೋತಿಗಳಿವೆ.)

ಹಿಂದಿರುಗುವಾಗ ರಸ್ತೆಬದಿಯ ಆಲದ ಸಾಲುಮರಗಳನ್ನೂ ನೋಡಿಸಿ. ವಾಹನಗಳಿಗೆ ಅಡ್ಡಿಯೆಂದು ಅವುಗಳ ಬಿಳಲುಗಳನ್ನು ಕತ್ತರಿಸುವುದುಂಟು. ಬುಡದ ಸುತ್ತ ಡಾಂಬರು, ಸಿಮೆಂಟು. ಇಂಥ ಮರ ಎಷ್ಟು ದೊಡ್ಡದಾದರೂ ಒಂದೇ ಕಾಲಿನ ಮೇಲೆ ನಿಂತಿರುತ್ತದೆ. ಆ ಕಾಂಡ ಕೊಳೆತರೆ ಇಡೀ ಮರ ಉರುಳುತ್ತದೆ. ಎರಡೂ ಆಲವೇ, ವ್ಯತ್ಯಾಸ ಮಾಡಿದವರು ನಾವು.

ಅಷ್ಟು ದೂರ ಹೋಗಲಾಗದಿದ್ದರೆ ಊರ ಕಟ್ಟೆಯ ಅರಳಿ, ಶಾಲೆಯ ಹಿಂದಿನ ಹುಣಸೆ, ಯಾವುದಾದರೂ ಸರಿ. ಅಳತೆ ಮಕ್ಕಳಿಗೆ ಬಲು ಇಷ್ಟ. ಮನುಷ್ಯ ಎರಡು ಕೈ ಚಾಚಿದರೆ ಆಗುವ ಉದ್ದ ಹೆಚ್ಚುಕಡಿಮೆ ಅವನ ಎತ್ತರದಷ್ಟೇ. ಆದ್ದರಿಂದ ಎಷ್ಟು ಮಕ್ಕಳು ಕೈ ಹಿಡಿದರೆ ಮರವನ್ನು ಸುತ್ತಬಹುದೆಂದು ನೋಡಿ, ಅವರ ಎತ್ತರಗಳನ್ನು ಕೂಡಿಸಿ, ಸುತ್ತಳತೆ ಸಿಕ್ಕಿತು! ಎತ್ತರಕ್ಕೆ ನೆರಳು ಸಾಕು. ಒಂದು ಮೀಟರ್ ಕೋಲಿನ ನೆರಳು ಎರಡು ಮೀಟರ್ ಇರುವ ಹೊತ್ತಿನಲ್ಲಿ ಮರದ ನೆರಳು 30 ಮೀಟರ್ ಇದ್ದರೆ ಮರ 15 ಮೀಟರ್. ಹರಡಿಕೊಂಡ ಆಲಕ್ಕೆ ಈ ಲೆಕ್ಕ ಸರಿಬರದು. ಸಿಲ್ವರ್ ಓಕ್‌ನಂಥ ನೆಟ್ಟನೆಯ ಮರವನ್ನು ಆರಿಸಿಕೊಳ್ಳಿ.

ಕೆಳಗೆ ಬಿದ್ದ ಆಲದ ಹಣ್ಣು ಸಿಕ್ಕರೆ ಬಿಡಿಸಿ ತೋರಿಸಿ. ಆಲ ಹೂ ಬಿಡುವುದಿಲ್ಲವೆಂದು ಹಲವರು ನಂಬಿದ್ದಾರೆ. ಹೂಗಳಿವೆ, ಆದರೆ ನೂರಾರು ಪುಟಾಣಿ ಹೂಗಳು ನಾವು ಹಣ್ಣು ಎನ್ನುವ ಆ ಗುಂಡಿನ ಒಳಗೇ ಅಡಗಿವೆ. ಸಾಸಿವೆಗಿಂತ ದೊಡ್ಡದಲ್ಲದ ಕಣಜ ಜಾತಿಯ ಒಂದು ಹೆಣ್ಣು ಹುಳು ತುದಿಯ ಸಣ್ಣ ರಂಧ್ರದಲ್ಲಿ ತೂರಿ, ರೆಕ್ಕೆ ಕಳೆದುಕೊಂಡು ಒಳಹೊಕ್ಕು ಪರಾಗವನ್ನು ತಲುಪಿಸುತ್ತದೆ; ತನ್ನ ಮೊಟ್ಟೆಗಳನ್ನೂ ಅಲ್ಲಿಯೇ ಇಡುತ್ತದೆ. ಎಲ್ಲ ಆಲದ ಮರಗಳೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಹಾಗಾಗಿ ಬೇರೆ ಹಣ್ಣುಗಳು ಸಿಗದ ದಿನಗಳಲ್ಲೂ ಕುಟ್ರುಹಕ್ಕಿ, ಕೋಗಿಲೆ, ಬಾವಲಿಗಳಿಗೆ ಎಲ್ಲಾದರೊಂದು ಕಡೆ ಊಟ ಸಿದ್ಧವಿರುತ್ತದೆ.

ಕೊನೆಗೆ ಒಂದು ನೋಟ್‌ಬುಕ್ ಕೊಡಿಸಿ. ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ, ತಾರೀಖನ್ನು ನೀವು ಹಾಕಿ. ತೂಗುತ್ತಿರುವ ಒಂದು ಬಿಳಲಿನ ತುದಿ ನೆಲದಿಂದ ಎಷ್ಟು ಮೊಳ ಮೇಲಿದೆಯೆಂದು ಬರೆದಿಟ್ಟು, ಮುಂದಿನ ರಜೆಯಲ್ಲಿ ಮತ್ತೆ ಅಳೆಯಿರಿ.