ಬಾಯಿ ನೋಡಿ ಗಾಳ

ವಿ.ಸಿ. ನಾಲೆಯ ನೀರಿನಿಂದ ತುಂಬುವ, ಮಂಡ್ಯ ಸೀಮೆಯ ಒಂದು ಕೆರೆ. ಮಾರ್ಚ್ ತಿಂಗಳ ಬೆಳಗು. ಏರಿಯ ಮೇಲೆ ಬಿಸಿಲು ಬಲಿಯುವ ಮೊದಲೇ ಗಾಳದವರು ತೂಬಿನ ಆಸುಪಾಸು ಜಾಗ ಹಿಡಿದಿದ್ದಾರೆ. ಮೀನಿನ ಗುತ್ತಿಗೆ ಹಿಡಿದವನ ಒಪ್ಪಿಗೆ ಪಡೆದೇ ಇಲ್ಲಿ ಗಾಳ ಇಳಿಸಬೇಕು. ಆ ಕೊನೆಗೆ, ಜೊಂಡಿನ ಮಗ್ಗುಲಲ್ಲಿ, ಒಬ್ಬ ತಾತ. ಪಕ್ಕದಲ್ಲಿ ಹತ್ತು ಹನ್ನೆರಡರ ಮೊಮ್ಮಗ.

ತಾತನ ಸರಂಜಾಮು ಒಂದು ಕೈಚೀಲದಷ್ಟು. ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದ ಬಿದಿರಿನ ಕೋಲು, ತಂಗೂಸಿ ದಾರ, ಸೀಸದ ಗುಂಡು, ಉದುರಿದ ನವಿಲುಗರಿಯ ದಂಟಿನಿಂದ ಮಾಡಿದ ಬೆಂಡು. ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು, ಅದರೊಳಗೆ ಎರೆಹುಳು. ಇನ್ನೊಂದು ಡಬ್ಬಿಯಲ್ಲಿ ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ, ತೌಡು ಸೇರಿಸಿ ನಾದಿದ ಎರೆ.

ಮೊದಲ ಕೆಲಸ ನೀರಿನ ಆಳ ಅಳೆಯುವುದು. ತಾತ ಬರಿಯ ಗುಂಡನ್ನೇ ಇಳಿಬಿಟ್ಟ. ಬೆಂಡು ಪೂರ್ತಿ ಮುಳುಗಿತು. ಅಂದರೆ ದಾರ ಸಾಲದು. ಮೇಲಕ್ಕೆ ಜರುಗಿಸಿದ. ಈಗ ಅಡ್ಡ ಬಿತ್ತು, ದಾರ ಹೆಚ್ಚಾಯಿತು. ಚೂರು ಇಳಿಸಿದಾಗ ತುದಿಯಷ್ಟೇ ಕಾಣುವಂತೆ ನೆಟ್ಟಗೆ ನಿಂತಿತು. ಗುಂಡು ನೆಲ ಮುಟ್ಟಿದೆ.

ನೆಲವೇ ಯಾಕೆ? ಈ ವಿದ್ಯೆಯ ಬೇರು ಇರುವುದೇ ಅಲ್ಲಿ: ಮೀನಿನ ಬಾಯಿ ಎತ್ತ ತಿರುಗಿದೆಯೋ ಗಾಳ ಅತ್ತ ಹೋಗಬೇಕು. ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳ ಕೆದಕುವವು. ಒಂದೇ ಕೆರೆಯಲ್ಲಿ ಇವೆಲ್ಲ ಒಂದರ ಊಟಕ್ಕೆ ಇನ್ನೊಂದು ಹೆಚ್ಚು ಅಡ್ಡಬಾರದೆ ಬೆಳೆಯುವುದು ಇದರಿಂದಲೇ. ಕಾಟ್ಲಾ, ರೋಹು, ಮೃಗಾಲ್ ಹರಿವ ನೀರಿನ ಮೀನುಗಳು. ನಿಂತ ಕೆರೆಯಲ್ಲಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಹಾರ್ಮೋನ್ ಚುಚ್ಚಿ ಇಂಥ ಗೆಂಡೆಗಳನ್ನು ಮರಿಮಾಡಿಸಿದ ಮೇಲೆ, ನದಿಯಿಂದ ಮರಿ ಹಿಡಿದು ತರಬೇಕಾದ ಕಷ್ಟ ತಪ್ಪಿತು. ಆದರೆ ಸಾಮಾನ್ಯ ಗೆಂಡೆ ಕೆರೆಯಲ್ಲೇ, ಜಲಸಸ್ಯಗಳಿಗೆ ಮೊಟ್ಟೆ ಅಂಟಿಸುತ್ತದೆ. ತಾತ ಜೊಂಡಿನ ಮಗ್ಗುಲು ಹಿಡಿದದ್ದು ಸುಮ್ಮನೆ ಅಲ್ಲ.

ಹಿಂಡಿ, ತೌಡಿನ ಎರಡು ಉಂಡೆ ಬೆಂಡಿನ ಸುತ್ತ ಬಿದ್ದವು. ಹುಡುಗ ಎರೆಹುಳುವನ್ನು ಗಾಳಕ್ಕೆ ಪೋಣಿಸಿದ, ಬಾಲ ಆಡುವಷ್ಟು ಹೊರಗೆ ಬಿಟ್ಟು. ಬೆಂಡು ಪಟಪಟನೆ ನಡುಗಿತು.

“ತಾತ, ಬಂತು!”

“ಸುಮ್ಕಿರ್ಲಾ. ಅದು ಜಿಲೇಬಿ ಮೀನು, ಹುಳಾನ ಕಿತ್ಕಿತ್ತು ತಿಂತಾ ಅದೆ. ಗೆಂಡೆ ಆದ್ರೆ ಬೆಂಡು ಮೇಲೆದ್ದು ಮಲೀಕತದೆ.”

ಗೆಂಡೆ ಕಚ್ಚುವುದಿಲ್ಲ, ಹೀರುತ್ತದೆ. ಅದರ ದವಡೆಯಲ್ಲಿ ಹಲ್ಲಿಲ್ಲ. ಅರೆಯುವ ಹಲ್ಲು ಗಂಟಲಲ್ಲಿದೆ. ತಳದಿಂದ ಎರೆ ಹೀರಿ ತಲೆ ಎತ್ತಿದಾಗ ಗುಂಡಿನ ಭಾರ ತಪ್ಪಿ ಬೆಂಡು ಹಗುರಾಗುತ್ತದೆ. ತಾತ ಹೇಳಿದಂತೆಯೇ ಆಯಿತು: ಬೆಂಡು ಎರಡು ಬೆರಳು ಮೇಲೆದ್ದು ಪಕ್ಕಕ್ಕೆ ಒರಗಿತು. ತಾತ ಮಣಿಕಟ್ಟಷ್ಟೇ ತಿರುವಿದ. ಕೋಲು ಬಿಲ್ಲಿನಂತೆ ಬಾಗಿತು. ಎಳೆದಾಡಲಿಲ್ಲ, ಮೀನು ಓಡಿದಾಗ ಕೋಲನ್ನು ಅದರ ಜೊತೆಗೆ ಕೊಟ್ಟ, ಸೋತಾಗ ದಡಕ್ಕೆ ತಿರುಗಿಸಿದ. ಹೊಂಬಣ್ಣದ ಅಗಲ ಹುರುಪೆ, ಬಾಯಂಚಿಗೆ ಎರಡು ಜೊತೆ ಮೀಸೆ. ಕೈಬಲೆಯಲ್ಲಿ ಗೆಂಡೆ ಒದ್ದಾಡಿತು.

ಒದ್ದಾಟದಲ್ಲಿ ಗಂಟು ಬಿದ್ದ ದಾರವನ್ನು ತಾತ ಕತ್ತರಿಸಿ ಚೀಲಕ್ಕೆ ಹಾಕಿಕೊಂಡ. ದಡದಲ್ಲಿ ಬಿಸಾಡಿದ ತಂಗೂಸಿ ಕೊಳೆಯುವುದಿಲ್ಲ. ಬೆಳ್ಳಕ್ಕಿಯ ಕಾಲಿಗೆ ಸುತ್ತಿದರೆ ಬಿಡುವುದಿಲ್ಲ. ಒಳ್ಳೆಯ ಗಾಳಗಾರನನ್ನು ಅವನು ಎದ್ದುಹೋದ ಜಾಗ ನೋಡಿಯೇ ಹೇಳಬಹುದು ಎಂದು ನಾನು ನಂಬಿದ್ದೇನೆ.

ಅಷ್ಟರಲ್ಲಿ ತೂಬಿನ ಮುಂದೆ ಮೇಲ್ನೀರಲ್ಲಿ ದೊಡ್ಡ ಸುಳಿಯೆದ್ದಿತು. ಹುಡುಗ ಯಾರನ್ನೂ ಕೇಳಲಿಲ್ಲ. ಹುಳು ತೆಗೆದ, ಬೆಂಡನ್ನು ಗಾಳದ ಹತ್ತಿರಕ್ಕೆ, ಒಂದು ಮೊಳಕ್ಕೆ ಇಳಿಸಿದ, ನೀರಲ್ಲಿ ಪುಡಿಪುಡಿಯಾಗಿ ಹರಡಲೆಂದು ಹಿಂಡಿಯನ್ನು ಸಡಿಲವಾಗಿ ಮೆತ್ತಿದ.

“ಕಾಟ್ಲಾಗಾ?” ಅಂದ ತಾತ.

“ಊಂ. ಅದ್ರ ಬಾಯಿ ಮೇಲಕ್ಕಲ್ವಾ?”

“ಹಾಕು ಮತ್ತೆ. ಸುಳಿ ಮೇಲೆ ಬೇಡ, ಅದಕ್ಕಿಂತ ಮುಂದುಕ್ಕೆ.”