ನೆಗಡಿಗೆ ಕ್ಯಾಷುಯಾಲ್ಟಿ, ಎದೆನೋವಿಗೆ ಸೋಡಾ!

ರಾತ್ರಿ ಎಂಟು ದಾಟಿತೆಂದರೆ ಜಿಲ್ಲಾಸ್ಪತ್ರೆಗಳ ಕ್ಯಾಷುಯಾಲ್ಟಿ ಮುಂದೆ ಸಂತೆ ನೆರೆಯುತ್ತದೆ. ಅಂಗಡಿ ಬಾಗಿಲು ಹಾಕಿ ಬಂದವರು, ಕೊನೇ ಬಸ್ಸಿಗೆ ಮುಂಚೆ ಒಂದು ಸೂಜಿ ಚುಚ್ಚಿಸಿಕೊಂಡು ಹೋಗೋಣ ಎಂದವರು. ಮೂರು ದಿನದ ನೆಗಡಿ, ತಿಂಗಳ ಮಂಡಿನೋವು, ರಜೆಗೊಂದು ಸರ್ಟಿಫಿಕೇಟು. ಬೈಕಿನಿಂದ ಬಿದ್ದವನ ಸ್ಟ್ರೆಚರ್ ಇವರ ನಡುವೆಯೇ ದಾರಿ ಮಾಡಿಕೊಂಡು ಬರಬೇಕು. ಆಗ ಬೆಂಚಿನಿಂದ ಒಂದು ದನಿ ಏಳುತ್ತದೆ: ''ಏನ್ರೀ ಇದು ಅನ್ಯಾಯ! ನಾವು ಆವಾಗ್ನಿಂದ ಕಾಯ್ತಾ ಇಲ್ವಾ?''

ಅನ್ಯಾಯವೇನಲ್ಲ ಸ್ವಾಮಿ. ಇದು ರೇಷನ್ ಅಂಗಡಿಯ ಸರತಿಯಲ್ಲ. ಇಲ್ಲಿ ಮೊದಲು ಬಂದವರಿಗಲ್ಲ, ಜೀವ ಅಪಾಯದಲ್ಲಿರುವವರಿಗೆ ಮೊದಲ ಪಾಳಿ. ಉಸಿರು, ನಾಡಿ, ರಕ್ತದೊತ್ತಡ, ಪ್ರಜ್ಞೆ ನೋಡಿ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವುದು ಕ್ರಮ. ಹಸಿರಿನವರು ಕಾಯಲೇಬೇಕು.

ವಿಚಿತ್ರವೆಂದರೆ, ಓಡಿ ಬರಬೇಕಾದವರೇ ಬರುವುದಿಲ್ಲ. ಎದೆ ಹಿಂಡಿ, ತೋಳಿಗೆ ನೋವು ಇಳಿದು, ಮೈಯೆಲ್ಲ ಬೆವೆತರೂ ''ಗ್ಯಾಸ್ ಇರ್ಬೇಕು ಕಣೇ, ಒಂದು ಸೋಡಾ ತರ್ಸು'' ಎನ್ನುವ ಯಜಮಾನರಿಗೆ ಬರವಿಲ್ಲ. ಬೆಳಗಾಗಲಿ ಎಂದು ಕಾಯುವಷ್ಟರಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂದದ್ದೇ ಇದಕ್ಕೆ: ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಬಿಟ್ಟಿಯಾಗಿ ಕೊಡಲು. ಆದರೆ ಇಂಜೆಕ್ಷನ್ ಮನೆ ಬಾಗಿಲಿಗೆ ಬಂದೀತೆ?

ಲಕ್ವದ ಕತೆಯೂ ಅಷ್ಟೆ. ಬಾಯಿ ಸೊಟ್ಟಗಾಯಿತು, ಕೈ ಸೋತಿತು, ಮಾತು ತೊದಲಿತು ಎಂದರೆ ತಡಮಾಡದೆ ಸ್ಕ್ಯಾನ್ ಇರುವ ಆಸ್ಪತ್ರೆ ಸೇರಬೇಕು. ಹೆಪ್ಪು ಕರಗಿಸುವ ಮದ್ದಿಗೆ ಇರುವ ಗಡುವು ನಾಲ್ಕೂವರೆ ಗಂಟೆ. ಪಾರಿವಾಳದ ರಕ್ತ ಹಚ್ಚುತ್ತಾ ಕೂತರೆ ಆ ಗಡುವು ಮುಗಿಯಿತು. ಹಾವು ಕಚ್ಚಿದರೆ ಮಂತ್ರದವನ ಮನೆಗಲ್ಲ, ಆಸ್ಪತ್ರೆಗೇ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಮೊದಲ ಸೂಜಿ. ಉಳಿದ ಸೂಜಿಗಳಿಗೆ ಹಗಲಿನ ಹೊರರೋಗಿ ವಿಭಾಗವಿದೆ. ಜ್ವರವೇ ಆದರೂ ಏದುಸಿರು, ಫಿಟ್ಸು, ಎಚ್ಚರ ತಪ್ಪುವುದು ಕಂಡರೆ ರಾತ್ರಿಯೆಂದು ನೋಡಬಾರದು.

ರಸ್ತೆಯಲ್ಲಿ ಬಿದ್ದವನ ಸುತ್ತ ನಿಂತು ''ಪೊಲೀಸ್ ಕೇಸಪ್ಪಾ, ನಮಗ್ಯಾಕೆ?'' ಎನ್ನುವವರಿಗೂ ಒಂದು ಮಾತು. ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಸಹಾಯಕ್ಕೆ ಬಂದವರು ಇಷ್ಟವಿಲ್ಲದಿದ್ದರೆ ಹೆಸರನ್ನೂ ಹೇಳಬೇಕಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಅವರ ಬೆನ್ನಿಗಿದೆ.

ಹಾಗೆಂದು ಎಲ್ಲ ತಪ್ಪನ್ನೂ ಜನರ ತಲೆಗೆ ಕಟ್ಟುವುದು ಸಲ್ಲ. ಹೊರರೋಗಿ ವಿಭಾಗ ತೆರೆದಿರುವುದು ಹಗಲು. ಗಲ್ಲಾಪೆಟ್ಟಿಗೆ ಬಿಟ್ಟು ಎದ್ದರೆ ಅಂಗಡಿಯವನ ವ್ಯಾಪಾರ ಹೋಯಿತು, ಚೀಟಿಗೆ ನಿಂತರೆ ಕೂಲಿಯವನ ದಿನದ ಅನ್ನ ಹೋಯಿತು. ಪಾಪ, ರಾತ್ರಿ ಬಾರದೆ ಇನ್ಯಾವಾಗ ಬಂದಾರು? ಸಂಜೆ ಎರಡು ಗಂಟೆ ಹೊರರೋಗಿ ವಿಭಾಗದಲ್ಲಿ ಒಬ್ಬ ಡಾಕ್ಟರು ಕೂತರೆ ಈ ಸಂತೆ ಎಷ್ಟೋ ಕರಗೀತು. ಮೇಲಿನವರು ಯೋಚಿಸಬೇಕಾದ್ದು ಇದನ್ನು.

ಅಲ್ಲಿಯವರೆಗೆ ಲೆಕ್ಕ ಸುಲಭ. ನಾಳೆಗೆ ತಡೆಯುವ ಕಾಯಿಲೆ ನಾಳೆಗೆ ಇರಲಿ. ತಡೆಯದ್ದಕ್ಕೆ, ತಡೆಯುತ್ತದೋ ಇಲ್ಲವೋ ಎಂಬ ಅನುಮಾನ ಬಂದದ್ದಕ್ಕೂ, 108 ಇದೆ, ದುಡ್ಡು ಕೊಡಬೇಕಿಲ್ಲ. ಸೋಡಾ ಆಮೇಲೆ ಕುಡಿದರಾಯಿತು.